ಮಂಚದಡಿಯ ಬಿಎಚ್‌ಟಿ ಡಬ್ಬಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಲೆಎಣ್ಣೆ ಕಾರ್ಖಾನೆಯ ಮಾಲೀಕರು ಠಾಣೆಗೆ ಬಂದು ದೂರು ಕೊಟ್ಟರು. ಉಗ್ರಾಣದಿಂದ ಬಿಎಚ್‌ಟಿ ಡಬ್ಬಿ ಕಳವಾಗಿದೆ. ಎಣ್ಣೆ ಕಮಟು ಹಿಡಿಯದಂತೆ ಚೂರೇ ಚೂರು ಬೆರೆಸುವ ಬಿಳಿ ಪುಡಿ ಅದು. ಕಳ್ಳ ಅದರ ಜಾಗದಲ್ಲಿ ಮೇಣದ ಪುಡಿ ಇಟ್ಟು ಹೋಗಿದ್ದಾನೆ, ತಿಳಿಯದೆ ಅದನ್ನೇ ಬೆರೆಸಲಾಗಿದೆ. ಎರಡು ತಿಂಗಳ ಹಿಂದಿನ ಮಾಲೆಲ್ಲ ನಾರುತ್ತ ವಾಪಸು ಬಂದಿದೆ. ಉಗ್ರಾಣದ ಬೀಗದ ಕೈ ಇರುವುದು ಇಬ್ಬರ ಬಳಿ: ಎಣ್ಣೆ ಬೆರೆಸುವ ಮೂಗಣ್ಣ, ಮತ್ತು ಕಾವಲುಗಾರ.

"ಮೂಗಣ್ಣನ ಮೇಲೆ ಅನುಮಾನ ಬೇಡ ಸಾರ್," ಎಂದರು ಮಾಲೀಕರು. " ಮೂವತ್ತು ವರ್ಷದಿಂದ ಮೂಸಿ ನೋಡೇ ಎಲ್ಲ ಹಾಕೋದು. ಡಬ್ಬಿ ಮೇಲಿನ ಚೀಟಿ ಓದಿದೋರೇ ಅಲ್ಲ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕಾವಲುಗಾರನ ಕೋಣೆ ಶೋಧಿಸಿದಾಗ ಮಂಚದಡಿ ಡಬ್ಬಿ ಸಿಕ್ಕಿತು. ಪಂಚನಾಮೆ ಮುಗಿಸಿ, ಇನ್ಸ್‌ಪೆಕ್ಟರ್ ಅವನನ್ನು ಠಾಣೆಯ ನೆಲದ ಮೇಲೆ ಕೂರಿಸಿದರು.

"ಯಾರಿಗೆ ಮಾರೋಕಿಟ್ಟಿದ್ದೆ?"

"ನಂಗೊತ್ತಿಲ್ಲ ಸ್ವಾಮಿ."

"ಹಾಗಾದ್ರೆ ಡಬ್ಬಿಗೆ ಕಾಲು ಬಂತಾ?"

ಪೇದೆಗಳು ನಕ್ಕರು. ಅಪ್ಪನಿಗೆ ಊಟ ತಂದಿದ್ದ ಮಗಳು ಬಾಗಿಲಲ್ಲೇ ನಿಂತಿದ್ದಳು. ಬುತ್ತಿಯನ್ನು ಹೊಸ್ತಿಲ ಮೇಲಿಟ್ಟು, ತಲೆಯೆತ್ತದೆ ಹೊರಟುಹೋದಳು.

ಸೀಲು ಮಾಡಿದ ಡಬ್ಬಿಯನ್ನು ಕಪಾಟಿನಲ್ಲಿಡಲು ಹೋದ ಮಹಿಳಾ ಪೇದೆ ಮುಖ ಸಿಂಡರಿಸಿದಳು. "ಸಾರ್, ಡಬ್ಬಿಗೆ ಸುತ್ತಿದ ಬಟ್ಟೆಗೂ ನಾತ ಹತ್ತಿದೆ. ವಾಪಸು ಬಂದ ಎಣ್ಣೇದೇ."

ಇನ್ಸ್‌ಪೆಕ್ಟರ್ ಮೂಸಿ ನೋಡಿದರು. ಎರಡು ತಿಂಗಳ ಹಿಂದೆ ಕದ್ದ ಡಬ್ಬಿಗೆ ಮೊನ್ನೆ ವಾಪಸು ಬಂದ ಎಣ್ಣೆ ಹತ್ತಿದ್ದು ಹೇಗೆ? ಆ ಬಾಟಲಿಗಳನ್ನು ಬಿಚ್ಚಿ ಪೀಪಾಯಿಗೆ ಸುರಿದವನು ಮೂಗಣ್ಣ ಒಬ್ಬನೇ ಎಂದು ಮಾಲೀಕರು ಹೇಳಿದ್ದರು.

ಕಾರ್ಖಾನೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಮೂಗಣ್ಣ ಪೀಪಾಯಿಯ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ.

"ಯಜಮಾನ್ರೇ, ಈ ಎಣ್ಣೆ ನಾರುತ್ತಾ?"

"ತುಂಬಾ ಸಾರ್."

ಇನ್ಸ್‌ಪೆಕ್ಟರ್ ಕರವಸ್ತ್ರ ಚಾಚಿದರು. "ಇದು?"

ಮೂಗಣ್ಣ ಕಣ್ಣು ಮುಚ್ಚಿ ಮೂಸಿದ. "ಅದೂ ಕಮಟೇ."

"ಇದು ಇವತ್ತು ಒಗೆದು ಮಡಚಿದ್ದು."

ಲೋಟ ಕೆಳಗಿಳಿಯಿತು.

"ಯಾವಾಗಿಂದ?"

"ಎರಡು ತಿಂಗಳ ಹಿಂದೆ ಜ್ವರ ಬಂದು ಹೋದಾಗಿಂದ. ಮನೇಲಿ ಹಾಲು ಸೀದು ಕರಕಲಾದ್ರೂ ಗೊತ್ತಾಗ್ಲಿಲ್ಲ. ಮಾವನಿಗೆ ವಯಸ್ಸಾಯ್ತು ಅಂತ ಸೊಸೆ ನಕ್ಕಳು. ನಾನೂ ನಕ್ಕೆ."

"ಮೇಣದ ಪುಡಿ ಬೆರೆಸೋ ಬದಲು, ಯಾವ ಡಬ್ಬಿ ಅಂತ ಯಾರನ್ನಾದ್ರೂ ಕೇಳ್ಬಹುದಿತ್ತಲ್ಲ."

"ಎಲ್ರೂ ಮೂಗಣ್ಣ ಅಂತಾರೆ ಸಾರ್. ಹೇಗೆ ಕೇಳಲಿ?"

"ಮಾಲು ವಾಪಸು ಬಂದ್ಮೇಲೆ ಕಳವು ಅನ್ನಿಸೋಕೆ ಡಬ್ಬಿ ಬಚ್ಚಿಟ್ರಿ. ಕಾವಲುಗಾರನ ಮಂಚವೇ ಯಾಕೆ?"

"ಬಾಗಿಲು ತೆಗೆದಿತ್ತು."

ಸಂಜೆ ಐದಕ್ಕೆ ಮೂಗಣ್ಣನ ಬಂಧನ ದಾಖಲಾಯಿತು. ಇನ್ಸ್‌ಪೆಕ್ಟರ್ ಠಾಣೆಗೆ ಫೋನು ಮಾಡಿದರು. "ಕಾವಲಿನವರನ್ನ ಮೊದಲು ಕುರ್ಚಿ ಮೇಲೆ ಕೂರಿಸಿ. ಮನೆವರೆಗೆ ನಾನೇ ಹೋಗ್ತೀನಿ. ಮಗಳ ಹತ್ರ ನಾನೇ ಮಾತಾಡ್ಬೇಕು." ಏನು ಮಾತಾಡುವುದೆಂದು ಅವರಿಗೇ ತಿಳಿದಿರಲಿಲ್ಲ.

ಜೀಪಿನಲ್ಲಿ ಮೂಗಣ್ಣ ಅಂಗೈಗಳನ್ನು ಪಂಚೆಗೆ ಒರೆಸುತ್ತಲೇ ಇದ್ದ.

"ಸಾರ್, ಇನ್ನೂ ನಾರ್ತಾ ಇದೀನಾ?"

ಕಿಟಕಿಯ ಗಾಜು ಇಳಿಸಲು ಹೋಗಿದ್ದ ಕೈಯನ್ನು ಇನ್ಸ್‌ಪೆಕ್ಟರ್ ಹಿಂದಕ್ಕೆ ತೆಗೆದುಕೊಂಡರು.

"ಇಲ್ಲ" ಎಂದರು.