ನಾರಿನ ಫ್ಯಾಕ್ಟರಿಯ ವೇಲುಗಳು

೧೯೯೮ರ ಜುಲೈ ೬, ಸೋಮವಾರ ಬೆಳಿಗ್ಗೆ. ಅರಸೀಕೆರೆ ಹೊರವಲಯದ ತೆಂಗಿನ ನಾರಿನ ಫ್ಯಾಕ್ಟರಿಗೆ ಹೊಸದಾಗಿ ಸೇರಿದ್ದ ಹುಡುಗಿಯರು ಗುಂಪಾಗಿ ಠಾಣೆಗೆ ಬಂದರು. ತಮ್ಮ ಚೂಡಿದಾರದ ವೇಲುಗಳನ್ನು ಯಾರೋ ಒಂದೊಂದಾಗಿ ಕದಿಯುತ್ತಿದ್ದಾರೆ ಎಂದು ದೂರು. ಪೇದೆಗಳು ಮುಸಿಮುಸಿ ನಕ್ಕರು. ಇನ್ಸ್‌ಪೆಕ್ಟರ್ ಏಕಾಂತಯ್ಯ ನಗಲಿಲ್ಲ. ಸಿರಿ ಎಂಬ ಹುಡುಗಿ ಅಳುತ್ತಿದ್ದಳು.

"ನಂದು ಎರಡನೇದೂ ಹೋಯ್ತು ಸಾರ್. ಇನ್ನೊಂದ್ಸಲ ವೇಲಿಲ್ದೆ ಮನೆಗೆ ಬಂದ್ರೆ ಕೆಲ್ಸ ಬಿಡಿಸ್ತೀನಿ ಅಂದವ್ಳೆ ನಮ್ಮಜ್ಜಿ."

ಎಫ್‌ಐಆರ್ ದಾಖಲಾಯಿತು. ಫ್ಯಾಕ್ಟರಿಯಲ್ಲಿ ಪಂಚನಾಮೆಯೂ ಆಯಿತು: ಗೋಡೆಯಲ್ಲಿ ಸಾಲಾಗಿ ಮೊಳೆಗಳು, ಒಂದರಲ್ಲೂ ವೇಲಿಲ್ಲ. ಹೊಸಬರಿಗೆ ಕೆಲಸ ಕಲಿಸುವ ಹುಚ್ಚಮ್ಮನನ್ನು ವಿಚಾರಿಸಿದರು.

"ವೇಲು ಇಲ್ಲಿ ಯಾಕೆ ನೇತುಹಾಕ್ತಾರೆ?"

"ನಾನೇ ಹಾಕಿಸ್ತೀನಿ ಸ್ವಾಮಿ. ಮಿಷನ್ ಬೆಲ್ಟು ಸಿಕ್ಕಿದ್ದನ್ನೆಲ್ಲ ಎಳ್ಕೊತದೆ. ಗಂಡಸ್ರು ಓಡಾಡ್ತಾರೆ ಅಂತ ಇವ್ರಿಗೆ ನಾಚ್ಕೆ. ನಾನು ಅತ್ಲಾಗೆ ತಿರುಗಿದ್ರೆ ಸಾಕು, ಮತ್ತೆ ಹೊದ್ಕೊಂಡಿರ್ತಾರೆ."

"ಕದ್ದವರು ಯಾರು?"

"ಪೊಲೀಸ್ನೋರು ನೀವು. ನನ್ನ ಕೇಳ್ತೀರಲ್ಲ!"

ಮರುದಿನ, ಆಗಷ್ಟೇ ರಜೆ ಮುಗಿಸಿ ಬಂದಿದ್ದ ಕಾನ್‌ಸ್ಟೇಬಲ್ ಆಶಾರಾಣಿ ಹಸಿರು ವೇಲು ಹೊದ್ದು, ಹೊಸ ಕೆಲಸದವಳಂತೆ ಫ್ಯಾಕ್ಟರಿಗೆ ಸೇರಿಕೊಂಡಳು. ಹುಚ್ಚಮ್ಮ ಅವಳ ಬಳೆ ತೆಗೆಸಿದಳು, ಜಡೆ ಎತ್ತಿ ಕಟ್ಟಿಸಿದಳು. "ಸಿಪ್ಪೆ ಸಿಕ್ಕೊಂಡ್ರೆ ಕೈ ಹಾಕ್ಬೇಡ ಕಣೇ, ಮೊದ್ಲು ಸ್ವಿಚ್ಚು ಆರ್ಸು" ಎಂದು ಬಾಯಿಪಾಠ ಮಾಡಿಸಿದಳು. ಪೊಲೀಸ್ ತರಬೇತಿಯಲ್ಲೂ ಆಶಾರಾಣಿಗೆ ಯಾರೂ ಇಷ್ಟು ಮುತುವರ್ಜಿಯಿಂದ ಕಲಿಸಿರಲಿಲ್ಲ. ಕಲಿಯುವ ಹುರುಪಿನಲ್ಲಿ ಬಂದ ಕೆಲಸವನ್ನೇ ಮರೆತಳು. ಮಧ್ಯಾಹ್ನ ನೋಡಿದರೆ ಮೊಳೆಯಲ್ಲಿ ಅವಳ ವೇಲೇ ಇಲ್ಲ!

ಸಂಜೆ ನಾಲ್ಕಕ್ಕೆ ಕೆಲಸ ಬಿಟ್ಟಾಗ ಹುಚ್ಚಮ್ಮನ ಊಟದ ಚೀಲದಿಂದ ಹಸಿರು ಅಂಚು ಇಣುಕುತ್ತಿತ್ತು. ಆಶಾರಾಣಿ ಅವಳ ಹಿಂದೆಯೇ ಹಳೇಬೀಡಿನ ಬಸ್ಸು ಹತ್ತಿದಳು. ಹುಚ್ಚಮ್ಮ ಇಳಿದವಳೇ ದರ್ಜಿ ಅಂಗಡಿ ಹೊಕ್ಕಳು. ಆಶಾರಾಣಿ ಎಸ್‌ಟಿಡಿ ಬೂತಿನಿಂದ ಠಾಣೆಗೆ ಫೋನ್ ಮಾಡಿದಳು.

ಏಕಾಂತಯ್ಯ ಜೀಪಿನಲ್ಲಿ ಬಂದಾಗ ಅಳತೆಯ ಮಾತು ಇನ್ನೂ ಮುಗಿದಿರಲಿಲ್ಲ. ಅಂಗಡಿಯ ತಂತಿಯ ಮೇಲೆ ಬಣ್ಣಬಣ್ಣದ ಕೋಟುಗಳು: ತೋಳಿಲ್ಲ, ಎರಡು ಪದರ, ಎದುರಿಗೆ ಗುಂಡಿ. ಎಲ್ಲವೂ ಕಳುವಾದ ವೇಲುಗಳೇ.

"ಇದೇನಮ್ಮ?"

"ಮೈ ಮುಚ್ತದೆ, ಬೆಲ್ಟಿಗೂ ಸಿಗಾಕಿಲ್ಲ. ಕೋಟು ಹೊಲಿಸ್ಕೊಡಿ ಅಂತ ಓನರ್‌ನ ಕೇಳ್ದೆ, ನಗಾಡಿದ್ರು. ಈ ಹುಡುಗೀರ್ನ ಕೇಳಿದ್ರೆ ಕತ್ತರಿ ಹಾಕಕ್ಕೆ ಕೊಡ್ತಿದ್ರಾ? ಎಲ್ಲಾ ಮುಗೀಲಿ, ಒಟ್ಟಿಗೇ ಕೊಡಾನ ಅಂತಿದ್ದೆ."

ಪಂಚರ ಸಮಕ್ಷಮ ಕೋಟುಗಳನ್ನು ವಶಪಡಿಸಿಕೊಂಡು, ಆರೂವರೆಗೆ ಹುಚ್ಚಮ್ಮನನ್ನು ಬಂಧಿಸಲಾಯಿತು.

ಸುದ್ದಿ ಜೀಪಿಗಿಂತ ಮೊದಲೇ ಅರಸೀಕೆರೆ ತಲುಪಿತ್ತು. ಠಾಣೆಯ ಮುಂದೆ ಹುಡುಗಿಯರೆಲ್ಲ ನೆರೆದಿದ್ದರು. ಜೊತೆಗೆ ಸಿರಿಯ ಅಜ್ಜಿ ಗಿಡ್ಡಮ್ಮ, ಕಳ್ಳಿಯ ಗ್ರಹಚಾರ ಬಿಡಿಸಲೆಂದೇ ಬಂದವಳು. "ಮುಟ್ಬೇಡಿ, ಅದು ಕೇಸಿನ ಸಾಕ್ಷಿ, ಮುದ್ದೆಮಾಲು!" ಎಂದು ಆಶಾರಾಣಿ ಎಷ್ಟು ಕೂಗಿದರೂ ಕೇಳದೆ ಹುಡುಗಿಯರು ತಂತಮ್ಮ ಕೋಟು ತೊಟ್ಟು ನಕ್ಕರು. ತನ್ನದು ಇನ್ನೂ ಹೊಲಿಗೆಯಾಗಿಲ್ಲವಲ್ಲ ಎಂದು ಆಶಾರಾಣಿಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

"ಇಷ್ಟೊಂದು ಹಠ ಯಾಕವ್ವ?" ಎಲ್ಲರೂ ಠಾಣೆಯ ಒಳಗೆ ಬಂದ ಮೇಲೆ ಏಕಾಂತಯ್ಯ ಕೇಳಿದರು.

ಹುಚ್ಚಮ್ಮ ತಲೆವಸ್ತ್ರ ಸರಿಸಿದಳು. ನೆತ್ತಿಯ ಹಿಂದೆ ಅಂಗೈಯಗಲ ಕೂದಲೇ ಇರಲಿಲ್ಲ. "ನಾನು ಸೇರ್ದಾಗ ಹೇಳ್ಕೊಡೋರು ಯಾರೂ ಇರ್ಲಿಲ್ಲ ಸ್ವಾಮಿ. ಜಡೆ ಹೋಯ್ತು, ಪುಣ್ಯಕ್ಕೆ ತಲೆ ಉಳೀತು" ಎಂದು ನಕ್ಕಳು.

ಗಿಡ್ಡಮ್ಮ ಆ ಬೋಳು ಕಲೆಯನ್ನು ನೋಡಿದಳು. ಮೊಮ್ಮಗಳ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ತಾನೇ ಹಾಕಿದಳು. ಆಮೇಲೆ ಇನ್ಸ್‌ಪೆಕ್ಟರರ ಮೇಜಿನ ಮೇಲಿದ್ದ ಶಾಯಿಯ ಡಬ್ಬಿಗೆ ಹೆಬ್ಬೆರಳು ಅದ್ದಿದಳು.

"ಇವ್ಳಿಗೆ ಜಾಮೀನು ನಾನು. ಎಲ್ಲಿ ಒತ್ಬೇಕು ತೋರ್ಸಿ, ಬೇಗ ಬಿಟ್ಕೊಡಿ. ನಾಳೆ ನನ್ನ ಮೊಮ್ಮಗಳಿಗೆ ಕೆಲ್ಸ ಕಲ್ಸೋರು ಯಾರು?"