ಅಪ್ಪನ ಕೆಮ್ಮು ಹೇಗಿದೆ?

ಆ ದಿನ ಬೆಳಗ್ಗೆ ಸೂರ್ಯ ಹುಟ್ಟಿದ್ದು ಯಾರಿಗೂ ಗೊತ್ತಾಗಲಿಲ್ಲ. ಬೂದಿ ಬಣ್ಣದ ಹೊಗೆ ಬೀದಿಯ ಮೇಲೆ ಕದಲದೆ ಕೂತಿತ್ತು. ಎದುರು ಕಟ್ಟಡಕ್ಕೆ ಮೂರನೆಯ ಮಹಡಿಯಿಂದ ಮೇಲೆ ಏನೂ ಇರಲಿಲ್ಲ. ಗಾಳಿ ಎಷ್ಟು ಕೆಟ್ಟಿದೆಯೆಂದು ತೋರಿಸುವ ವೃತ್ತದ ಫಲಕದಲ್ಲಿ ನಾನೂರ ಮೂವತ್ತು. ಕೆಳಗೆ ಕೆಂಪಕ್ಷರ: ಹೊರಗೆ ಬರಬೇಡಿ.

ಮನೆಮನೆಗೆ ಅಂಚೆ ಹಂಚುವವಳು ಹೊರಗೆ ಬಾರದೆ ಇನ್ನೆಲ್ಲಿಗೆ ಹೋಗಬೇಕು?

ದೇವರು ಉಸಿರನ್ನು ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಟ್ಟ. ಈ ಊರಿನಲ್ಲಿ ಮಾತ್ರ ಅದನ್ನು ಯಂತ್ರದಲ್ಲಿ ಸೋಸಿ ಸೇದಬೇಕಾಗಿತ್ತು. ಆ ಯಂತ್ರವೂ ಕೈಕೊಟ್ಟರೆ?

ಅಂಚೆಯ ಹುಡುಗಿ ಟಪಾಲಿನ ಚೀಲ ಸಮೇತ ರಿಪೇರಿ ಅಂಗಡಿಗೆ ನುಗ್ಗಿದಳು.

"ಇಪ್ಪತ್ತು ದಿನದ ಹಿಂದೆ ನಮ್ಮನೆಗೆ ಏರ್ ಪ್ಯೂರಿಫೈಯರ್ ಹಾಕಿದ ಮಹಾನುಭಾವ ಯಾರ್ರೀ?"

ಗಿರಾಕಿಗಳೆಲ್ಲ ತಿರುಗಿದರು. ಹೊರಗಿನ ಕೆಲಸಕ್ಕೆಂದು ಸಾಮಾನಿನ ಚೀಲ ಹೆಗಲಿಗೇರಿಸಿದ್ದ ಮೆಕ್ಯಾನಿಕ್ ಮಾಸ್ಕ್ ಕೆಳಗಿಳಿಸಿದ. "ನಾನೇ."

"ನಿಮ್ಮ ಮೆಷಿನ್ನು ಹಗಲೂ ರಾತ್ರಿ ಗುಂಯ್ ಅನ್ನುತ್ತೆ, ನಮ್ಮಪ್ಪ ಹಗಲೂ ರಾತ್ರಿ ಕೆಮ್ತಾರೆ. ಇಬ್ಬರಲ್ಲಿ ಯಾರನ್ನ ರಿಪೇರಿ ಮಾಡಿಸ್ಲಿ?"

ಯಾರೋ ಕಿಸಕ್ಕನೆ ನಕ್ಕರು. ಅವನು ನಗಲಿಲ್ಲ. "ಈಗಲೇ ಬರ್ತೀನಿ, ನಡೀರಿ."

ಅವನ ಕಣ್ಣಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ... ಅದೇ ಅವಳನ್ನು ಇನ್ನಷ್ಟು ಕೆರಳಿಸಿತು!

ಮನೆಯಲ್ಲಿ ಕಿಟಕಿಯ ಸಂದುಗಳಿಗೆಲ್ಲ ಒದ್ದೆ ಬಟ್ಟೆ ತುರುಕಿತ್ತು. ಹನ್ನೆರಡು ವರ್ಷದ ಸೋಫಾ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇತ್ತು, ಟಿವಿಯ ರಿಮೋಟ್ ಕೂಡ. ಸೋಫಾದ ಮೇಲೆ ಕೂತು ಅಪ್ಪ ಏದುಸಿರು ಬಿಡುತ್ತಿದ್ದರು. ಇನ್ನೊಮ್ಮೆ ಉಬ್ಬಸ ಜೋರಾದರೆ ಆಸ್ಪತ್ರೆಗೆ ಸೇರಿಸಲೇಬೇಕೆಂದು ಡಾಕ್ಟರು ಹೇಳಿಯಾಗಿತ್ತು.

ಅವಳು ಅಪ್ಪನಿಗೆ ಬಿಸಿನೀರು ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಯಂತ್ರದ ಬೆನ್ನು ತೆರೆದಿತ್ತು. ಮೆಕ್ಯಾನಿಕ್ಕನ ಕೈಯಲ್ಲಿ ಪ್ಲಾಸ್ಟಿಕ್ಕಿನ ದೊಡ್ಡ ಚೀಲ.

"ಫಿಲ್ಟರಿನ ಮೇಲೇ ಇತ್ತು. ಹಾಕುವಾಗ ಬಿಚ್ಚೋದು ಮರೆತೆ. ತಪ್ಪು ನಂದೇ."

"ಮರೆತ್ರಾ? ಇಪ್ಪತ್ತು ದಿನ ನಮ್ಮಪ್ಪ ಹೊಗೆ ಕುಡಿದ್ರು... ಮರೆತ್ರಂತೆ!"

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಕೆಮ್ಮು ಬಂತು. ಅವನು ಅವರ ಬೆನ್ನು ಸವರಿ, ತಲೆ ತಗ್ಗಿಸಿ ಹೊರಟುಹೋದ.

ಅವಳು ಸುಮ್ಮನಿರಲಿಲ್ಲ. ಅಂಗಡಿಯ ಮಾಲೀಕರಿಗೆ ದೂರು ಬರೆದುಕೊಟ್ಟಳು. ಮಾಲೀಕರು ಅವನ ಸಾಮಾನಿನ ಚೀಲ ಕಸಿದು ಬೀರುವಿಗೆ ಹಾಕಿ, ಹಿಂದಿನ ಕೋಣೆಯಲ್ಲಿ ಹಳೆಯ ಫಿಲ್ಟರುಗಳ ಧೂಳು ಕೊಡವಲು ಕೂರಿಸಿದರು.

ಅಲ್ಲಿಂದ ಶುರುವಾಯಿತು ಅವಳ ಹೊಸ ಸಂಕಟ. ಮೊದಲೆಲ್ಲ ಆ ಅಂಗಡಿಗೆ ಟಪಾಲು ಕೊಡುವ ಹೊತ್ತಿಗೆ ಅವನು ಎಲ್ಲೋ ಹೊರಗಿರುತ್ತಿದ್ದ. ಈಗ ದಿನವೂ ಎದುರಾಗತೊಡಗಿದ. ದಿನವೂ ಒಂದೇ ಪ್ರಶ್ನೆ.

"ಅಪ್ಪನ ಕೆಮ್ಮು ಹೇಗಿದೆ?"

ಅವಳು ಕಾಗದ ಮೇಜಿನ ಮೇಲೆ ಎಸೆದು ನಡೆದುಬಿಡುತ್ತಿದ್ದಳು. ಮಾಸ್ಕಿನ ದಾರಕ್ಕೆ ಕಿವಿಯ ಹಿಂದೆ ಗಾಯ, ಉಗುಳಿದರೆ ಕಪ್ಪು, ಫಲಕ ನಾನೂರರ ಕೆಳಗಿಳಿಯದು. ಇದರ ಮಧ್ಯೆ ಈ ಮನುಷ್ಯನ ಪ್ರಶ್ನೆ ಬೇರೆ! ಅದಕ್ಕಿಂತ ದೊಡ್ಡ ತಲೆನೋವೆಂದರೆ, ಆ ಬೀದಿ ಹತ್ತಿರವಾದಂತೆ ಅವಳ ಕಾಲು ತಾನಾಗಿಯೇ ಚುರುಕಾಗುತ್ತಿತ್ತು.

'ಥೂ, ನನಗೇನಾಗಿದೆ?'

ಒಂಬತ್ತನೆಯ ದಿನ ಮಧ್ಯಾಹ್ನ ಮನೆಗೆ ಬಂದಾಗ ಅಪ್ಪ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಆ ಪ್ಲಾಸ್ಟಿಕ್ಕನ್ನು ತೊಳೆದು, ಒಣಗಿಸಿ, ಫಿಲ್ಟರಿಗೆ ತೊಡಿಸುತ್ತಿದ್ದರು.

"ಅಪ್ಪಾ! ಏನ್ಮಾಡ್ತಿದೀಯ?"

ಅಪ್ಪ ಬೆಚ್ಚಿಬಿದ್ದರು. "ಈಗ ಕೆಮ್ಮು ಕಮ್ಮಿ ಆಗಿದೆಯಲ್ಲಮ್ಮಾ... ಸ್ವಲ್ಪ ದಿನ ಮುಚ್ಚಿಟ್ರೆ ಫಿಲ್ಟರ್ ಕಪ್ಪಾಗಲ್ಲ ಅಂತ..."

ಅವಳು ಪ್ಲಾಸ್ಟಿಕ್ಕನ್ನು ಕಿತ್ತುಕೊಂಡಳು. "ಅವತ್ತೂ... ನೀನೇನಾ?"

"ಆ ಹುಡುಗ ಬಿಚ್ಚೇ ಕೊಟ್ಟಿದ್ದ ಕಣೇ. ಅವನು ಹೋದಮೇಲೆ ನಾನೇ ತೊಡಿಸ್ದೆ. ನೀನು ಹೊಗೆಯಲ್ಲಿ ಅಲೆದು ತಂದ ವಸ್ತು, ಹಾಳಾಗಬಾರದು ಅಂತ." ಅಪ್ಪ ಗೋಡೆ ಹಿಡಿದು ಎದ್ದರು. "ರಿಪೇರಿಗೆ ಬಂದ ದಿನ ನೀನು ಒಳಗಿದ್ದಾಗ ಅವನಿಗೆ ಹೇಳ್ದೆ. 'ನಾನು ಹೇಳಿಕೊಳ್ತೀನಿ, ನೀವು ಸುಮ್ನಿರಿ' ಅಂದ. ಸುಮ್ನಿದ್ದುಬಿಟ್ಟೆ. ಒಂಬತ್ತು ದಿನದಿಂದ ತುತ್ತು ಗಂಟಲಲ್ಲಿ ಇಳೀತಿಲ್ಲ. ಹೋಗಿ ಹೇಳಮ್ಮಾ."

ಅವಳು ಬಂದ ಕಾಲಲ್ಲೇ ತಿರುಗಿದಳು. ಮಾಸ್ಕ್ ಕೂಡ ಮರೆತಿದ್ದಳು.

ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಇರಲಿ!

"ಮಾಲೀಕರೇ, ನಾನು ಕೊಟ್ಟ ದೂರು ತಪ್ಪು. ಇವರು ಸರಿಯಾಗೇ ಹಾಕಿದ್ರು, ಕೆಡಿಸಿಕೊಂಡಿದ್ದು ನಾವು. ಅವತ್ತು ಇಲ್ಲೇ ನಿಂತು ಕೂಗಾಡಿದ್ದೆ. ಅದಕ್ಕೇ ಇಲ್ಲೇ ನಿಂತು ಹೇಳ್ತಿದೀನಿ."

ಹಿಂದಿನ ಕೋಣೆಯಿಂದ ಅವನು ಬಂದ. ತಲೆ, ರೆಪ್ಪೆ, ಮೀಸೆಯ ಮೇಲೆಲ್ಲ ಧೂಳು.

"ಯಾಕ್ರೀ ಸುಳ್ಳು ಹೇಳಿದ್ರಿ?" ಅವಳ ಕಣ್ಣು ಉರಿಯುತ್ತಿತ್ತು. ಹೊಗೆಗೋ, ಅಳುವಿಗೋ...

"ಅವತ್ತು ನಿಮಗಿದ್ದ ಸಿಟ್ಟಲ್ಲಿ ಅಪ್ಪನಿಗೆ ಏನಾದ್ರೂ ಅಂದುಬಿಟ್ಟಿದ್ರೆ, ಆಮೇಲೆ ನೀವೇ ಕೂತು ಅಳ್ತಿದ್ರಿ. ನನ್ನನ್ನ ಬೈದ್ರೆ ನಿಮಗೇನು ನಷ್ಟ ಅಂದ್ಕೊಂಡೆ."

"ನಷ್ಟ ಆಯ್ತು."

"ಏನು?"

"ದಿನಾ ನೀವು ಕೇಳ್ತಿದ್ರಿ, ನಾನು ಮೂತಿ ತಿರುಗಿಸ್ಕೊಂಡು ಹೋಗ್ತಿದ್ದೆ. ಆಮೇಲೆ ಬೀದಿಯುದ್ದಕ್ಕೂ ಮಾಸ್ಕಿನೊಳಗೇ ಉತ್ತರ ಹೇಳ್ಕೊಳ್ತಿದ್ದೆ... ಅಪ್ಪಂದು ಮಾತ್ರ ಅಲ್ಲ, ನಂದೂ ಎಲ್ಲಾ ನಿಮಗೇ ಹೇಳ್ಬೇಕು ಅನ್ಸೋದು."

ಧೂಳಿನ ನಡುವೆ ಅವನ ಮುಖ ಕೆಂಪಾಗಿದ್ದು ಎಲ್ಲರಿಗೂ ಕಂಡಿತು.

"ನನಗೂ... ಬರೀ ಕೆಮ್ಮಿನ ವಿಷಯ ಬೇಕಿರ್ಲಿಲ್ಲ," ಎಂದ ಮೆಲ್ಲಗೆ. "ಸಂಜೆ ಫಿಲ್ಟರ್ ನೋಡೋಕೆ ಬರ್ಲಾ?"

"ಫಿಲ್ಟರ್ ಚೆನ್ನಾಗೇ ಇದೆ."

"ಹಾಗಾದ್ರೆ ಬೇಡ್ವಾ?"

"ಫಿಲ್ಟರ್ ಚೆನ್ನಾಗಿದೆ ಅಂದೆ. ಬರಬೇಡಿ ಅಂದ್ನಾ?"

ಮಾಲೀಕರು ಎದ್ದರು. ಬೀರು ತೆರೆದು, ಸಾಮಾನಿನ ಚೀಲ ತಂದು, ಅದರ ಧೂಳನ್ನು ತಮ್ಮ ಅಂಗೈಯಲ್ಲೇ ಒರೆಸಿ ಅವನ ಕೈಗಿಟ್ಟರು. ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.