ಮಂಚದ ಕಾಲಿನ ಗಂಟು

"ಬಿಚ್ಚಬೇಡ ಕಣೇ, ಒಲೆ ಮೇಲೆ ಎಸರಿದೆ!"

ಹೊರಗಿನ ನಲ್ಲಿಯಿಂದ ವಾರಗಿತ್ತಿ ಕೂಗಿದ್ದು ಕಿರಿಯವಳಿಗೆ ಕೇಳಿಸಿತು. ಕೇಳಿಸಿದ್ದಕ್ಕೇ ಅವಳು ಗಂಟಿಗೆ ಕೈ ಹಾಕಿದಳು.

ಒಂದೇ ಕೋಣೆಯ ಮನೆ. ಮಂಚಕ್ಕೂ ಬಾಗಿಲಿಗೂ ನಡುವೆ, ನೆಲದ ಮೇಲೆ ಒಲೆ. ಅಡುಗೆಯ ಹೊತ್ತಿನಲ್ಲಿ ಹಿರಿಯವಳು ಹಳೆಯ ದುಪ್ಪಟಿಯ ಸೀಳಿನಿಂದ ಮಗುವಿನ ಸೊಂಟವನ್ನು ಮಂಚದ ಕಾಲಿಗೆ ಕಟ್ಟಿ, ಆಡಲು ಎರಡು ಡಬ್ಬಿ, ಒಂದು ಚಮಚ ಕೊಡುತ್ತಿದ್ದಳು. ಕಿರಿಯವಳು ಬೆಳಗಾದರೆ ಬಟ್ಟೆ ಕಾರ್ಖಾನೆಗೆ ಹೋಗಿ ದಿನವಿಡೀ ಗುಂಡಿ ಹೊಲಿಯುವವಳು. ಅವಳ ಒಂದೂವರೆ ವರ್ಷದ ಮಗನನ್ನು ಉಣಿಸಿ, ತೊಳೆದು, ಮಲಗಿಸುತ್ತಿದ್ದವಳು ಮಕ್ಕಳಿಲ್ಲದ ಆ ಹಿರಿಯವಳೇ. ಇಂಥ ವಾರಗಿತ್ತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ಹೆತ್ತವಳಿಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳು. ಬಿದ್ದರೆ "ದೊಡ್ಡಮ್ಮ", ಹಸಿದರೆ "ದೊಡ್ಡಮ್ಮ"... ತಾನೇನು ಬರೀ ಹೆರುವುದಕ್ಕೆ ಬಂದವಳೇ?

ಇವತ್ತು ರಜೆ. ಅಡುಗೆ ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಮಗುವೋ ದೊಡ್ಡಮ್ಮ ಹೋದ ಬಾಗಿಲ ಕಡೆಗೇ ಕೈಚಾಚಿ ಅಳುತ್ತಿತ್ತು. ಬಿಚ್ಚಿದರೆ ನನ್ನ ಮಡಿಲಿಗೇ ಬರುತ್ತಾನೆ, ಅವಳು ಬಂದು ನೋಡಲಿ... ಗಂಟು ಬಿಚ್ಚಿ, ಮಂಚದ ಅಂಚಿಗೆ ಕೂತು, ತೋಳು ಚಾಚಿ ಕರೆದಳು. ಮಗು ತಿರುಗಿಯೂ ನೋಡದೆ ಬಾಗಿಲಿಗೆ ಓಡಿತು. ಕಾಲು ತಾಗಿ ಎಸರಿನ ಪಾತ್ರೆ ಮಗುಚಿತು.

ಕಿರಿಯವಳು ಕೂತಲ್ಲೇ ಕಲ್ಲಾದಳು. ಚೀರಾಟ ಕೇಳಿ ಓಡಿಬಂದ ಹಿರಿಯವಳೇ ಮಗುವನ್ನು ಎತ್ತಿಕೊಂಡು ಹೋಗಿ ಬೆಂದ ಕಾಲನ್ನು ನಲ್ಲಿಯ ನೀರಿಗೆ ಹಿಡಿದಳು.

ಜೀವಕ್ಕೆ ಅಪಾಯವಿಲ್ಲ, ಕಲೆ ಉಳಿಯುತ್ತದೆ ಎಂದರು ಡಾಕ್ಟರು. ಕಿರಿಯವಳ ಗಂಡ ಬಣ್ಣ ಬಳಿಯುವ ಕೆಲಸ ಬಿಟ್ಟು ಆಸ್ಪತ್ರೆಗೆ ಓಡಿಬಂದು, ಕಟ್ಟಿದ್ದನ್ನು ಬಿಚ್ಚಿದ್ದು ಯಾರೆಂದು ಕೇಳಿದ.

"ನಾನೇ," ಎಂದಳು ಹಿರಿಯವಳು. "ಅಳ್ತಿದ್ದ. ಮನಸ್ಸು ತಡೀಲಿಲ್ಲ."

ಎಂದೂ ಎದುರಾಡದ ಮೈದುನ ಅವಳನ್ನೇ ದುರುಗುಟ್ಟಿ ನೋಡಿದ. "ಇನ್ಮೇಲೆ ನನ್ನ ಮಗನನ್ನ ಮುಟ್ಟಬೇಡಿ ಅತ್ತಿಗೆ."

ಕಿರಿಯವಳು ಬಯಸಿದ್ದು ತಾನಾಗಿ ಕೈಗೆ ಬಂದಿತ್ತು. ತುಟಿ ಹೊಲಿದುಕೊಂಡಿದ್ದರೆ ಮಗ ಪೂರ್ತಿ ಅವಳವನು. ಆದರೆ ಹೊಟ್ಟೆಕಿಚ್ಚು ಎಂಥ ವಿಚಿತ್ರ ನೋಡಿ! ಆ ಹೊತ್ತಿನಲ್ಲೂ ಅವಳಿಗೆ ಸಹಿಸಲಾಗದ್ದು ವಾರಗಿತ್ತಿಯ ದೊಡ್ಡತನವೇ. ಮಗನ ಮೊದಲ ಹೆಜ್ಜೆ ಕಂಡವಳು ಇವಳು, ಮೊದಲ ಮಾತು ಕೇಳಿದವಳು ಇವಳು... ಈಗ ನನ್ನ ತಪ್ಪನ್ನೂ ಇವಳೇ ಕಿತ್ತುಕೊಳ್ಳಬೇಕೇ?

"ಸುಳ್ಳು. ಬಿಚ್ಚಿದ್ದು ನಾನು. ಅಕ್ಕ ಬೇಡ ಅಂದ್ರೂ ಬಿಚ್ಚಿದೆ." ಅವಳು ವಾರಗಿತ್ತಿಯ ಕಡೆಗೆ ತಿರುಗಿದಳು. "ಅವನದ್ದೆಲ್ಲಾ ನಿಂಗೇ ಸಿಕ್ತು ಅಕ್ಕ... ಇದೊಂದಾದ್ರೂ ನಂದಾಗಿರ್ಲಿ."

ಗಂಡ ಗೋಡೆಗೆ ಒರಗಿದ. ಅಷ್ಟರಲ್ಲಿ ಒಳಗೆ ಮಗುವಿಗೆ ಎಚ್ಚರವಾಯಿತು. ಉರಿ ತಾಳಲಾರದೆ ಕೂಗಿತು, "ದೊಡ್ಡಮ್ಮ..."

ಹಿರಿಯವಳು ಹೊರಗಿನ ಬೆಂಚಿನಿಂದ ಅಲುಗಲಿಲ್ಲ, ಮುಟ್ಟಬೇಡಿ ಎಂದ ಮೈದುನನ ಮಾತು ಇನ್ನೂ ಹಾಗೇ ಇತ್ತು. ಆ ಕೂಗು ಕಿರಿಯವಳನ್ನು ಎಂದಿನಂತೆಯೇ ಚುಚ್ಚಿತು, ಒಂದಿಷ್ಟೂ ಕಡಿಮೆಯಾಗದೆ. ಅವಳು ವಾರಗಿತ್ತಿಯ ತೋಳು ಹಿಡಿದು ಎಬ್ಬಿಸಿದಳು.

"ಹೋಗಕ್ಕ. ಕರೀತಿದಾನೆ."

ತಾನು ಬೆಂಚಿನ ಮೇಲೆಯೇ ಉಳಿದಳು.